ದೊಡ್ಡಮ್ಮ ಒಪ್ಪಿಕೊಂಡದ್ದು

ಇಂಥ ಅನುಭವಗಳನ್ನು ಬರೆಯುವವರ ಮೇಲೆ ನನಗೆ ಗೌರವವಿಲ್ಲ. 'ನಾನೂ ಮೊದಲು ನಂಬುತ್ತಿರಲಿಲ್ಲ' ಎಂದು ಸಂಭಾವಿತರಂತೆ ಶುರುಮಾಡಿ, ಕೊನೆಗೆ ಓದುವವರ ಕೈಗೆ ಒಂದು ಪವಾಡ ತುರುಕಿ ಕಳಿಸುತ್ತಾರೆ. ನಾನೂ ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ದಿನದ ಬಗ್ಗೆ ನಮ್ಮ ಚರ್ಚಿನ ಸಭೆಯವರು ಒಂದು ಸುಳ್ಳನ್ನು ಸಾಕಿ ಬೆಳೆಸಿದ್ದಾರೆ. ಅದು ನನ್ನ ದೊಡ್ಡಮ್ಮನ ಹೆಸರಿಗೆ ಅಂಟಿಕೊಂಡಿದೆ. ನಡೆದದ್ದನ್ನು ನಡೆದ ಹಾಗೆ ಹೇಳುವುದಷ್ಟೇ ನನ್ನ ಉದ್ದೇಶ. ರಾತ್ರಿ, ಗಾಳಿ, ನಾಯಿಯ ಊಳು ಇವೆಲ್ಲ ಬೇಕಾದವರು ಬೇರೆ ಕಡೆ ಹುಡುಕಬಹುದು. ಇದು ನಡೆದದ್ದು ಶುಕ್ರವಾರ ಮಧ್ಯಾಹ್ನ, ಜನ ತುಂಬಿದ ಮನೆಯಲ್ಲಿ, ಬಾಗಿಲು ತೆರೆದಿದ್ದಾಗ.

ದೊಡ್ಡಮ್ಮನ ಹೆಸರು ರೂತಮ್ಮ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಅವರ ಊರು. ಇಡೀ ಊರಿನ ಹಾಗೆ ಅವರದೂ ಹೊಗೆಸೊಪ್ಪಿನ ಬೇಸಾಯ. ಮನೆಯ ಪಕ್ಕದಲ್ಲೇ ಸೊಪ್ಪು ಬೇಯಿಸುವ ಬ್ಯಾರನ್ನು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ ಐದಾರು ದಿನ ಬಿಡದೆ ಹದ ಕಾಯಬೇಕು. ಆ ಕಾವಲು ದೊಡ್ಡಪ್ಪನ ಪಾಲಿಗೆ. ಅವರಿಗೆ ಅದರಿಂದ ಇನ್ನೊಂದು ಉಪಕಾರವೂ ಇತ್ತು. ಮನೆಗೆ ಯಾರಾದರೂ ಪ್ರಾರ್ಥನೆಗೆ ಬಂದರೆ, 'ಟೆಂಪ್ರೇಚರ್ ನೋಡ್ಬೇಕು, ನೀವು ನಡೆಸ್ಕೊಳ್ಳಿ' ಎಂದು ಎದ್ದು ಹೋಗಿಬಿಡುತ್ತಿದ್ದರು. ನಾನು ಆಗ ಹುಣಸೂರಿನಲ್ಲಿ ಡಿಗ್ರಿ ಓದುತ್ತ ಅವರ ಮನೆಯಲ್ಲಿದ್ದೆ. ದಿನವೂ ಡೈರಿ ಬರೆಯುವುದು ನನಗೆ ಚಿಕ್ಕಂದಿನ ಚಾಳಿ. ಬಸ್ಸು ಬಂದ ಹೊತ್ತು, ಬ್ಯಾರನ್ನಿಗೆ ಏರಿದ ಕಡ್ಡಿಗಳು, ಮನೆಗೆ ಬಂದವರು, ಎಲ್ಲವನ್ನೂ ಬರೆದಿಡುತ್ತಿದ್ದೆ.

ಸೊಪ್ಪು ಕಟ್ಟುವುದರಲ್ಲಿ ದೊಡ್ಡಮ್ಮನನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಒಂದು ಬೆಳಿಗ್ಗೆ ಎದ್ದವರು ಅಂಗಾಲು ಉರಿಯುತ್ತದೆ ಎಂದರು. ಕೆಂಡ ತುಳಿದ ಹಾಗೆ, ಅಷ್ಟೇ ಅಲ್ಲ, ಕೆಂಡದ ಮೇಲೇ ನಿಂತುಕೊಂಡಿರುವ ಹಾಗೆ. ನೋಡಲು ಏನೂ ಇರಲಿಲ್ಲ. ಗುಳ್ಳೆ, ಬಾವು, ಕೆಂಪು ಯಾವುದೂ ಇಲ್ಲ. ಹುಣಸೂರಿನಲ್ಲಿ ತೋರಿಸಿದೆವು, ಕೆ.ಆರ್. ನಗರದಲ್ಲಿ ಒಬ್ಬರು ಚೆನ್ನಾಗಿ ನೋಡುತ್ತಾರೆಂದು ಅಲ್ಲಿಗೂ ಹೋದೆವು, ಮೈಸೂರಿನಲ್ಲಿ ನರದ ಪರೀಕ್ಷೆಯೂ ಆಯಿತು. ಸಕ್ಕರೆ ಇಲ್ಲ. ಎಲ್ಲ ನಾರ್ಮಲ್. ಟೆನ್ಷನ್ ಮಾಡಿಕೊಳ್ಳಬೇಡಿ ಎಂದು ಮಾತ್ರೆ ಬರೆದುಕೊಟ್ಟರು. ದೊಡ್ಡಮ್ಮ ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿಸಿಕೊಂಡು, ಕಾಲು ಅದರಲ್ಲಿಟ್ಟು, ಮೊದಲಿನಂತೆಯೇ ಸೊಪ್ಪು ಕಟ್ಟಲು ಕೂತರು. ನಡೆಯಬೇಕಾದರೆ ಪಾದದ ಹೊರ ಅಂಚಿನ ಮೇಲೆ ಬಾತುಕೋಳಿಯಂತೆ ನಡೆಯುತ್ತಿದ್ದರು. ಅಂಗಾಲು ಪೂರ್ತಿ ನೆಲಕ್ಕೆ ತಾಗಿದ್ದನ್ನು ಆಮೇಲೆ ನಾವು ಯಾರೂ ಕಾಣಲಿಲ್ಲ. ಹೀಗೇ ಎರಡು ವರ್ಷ.

ಕಾಯಿಲೆಯಾದರೂ ಒಂದೇ ಇತ್ತು. ಅದಕ್ಕೆ ಕಾರಣ ಹೇಳಲು ಬಂದವರಿಗೆ ಲೆಕ್ಕವಿರಲಿಲ್ಲ ಎನ್ನಬೇಕು, ಆದರೆ ನಾನು ಲೆಕ್ಕ ಇಟ್ಟಿದ್ದೆ. ಒಟ್ಟು ಹದಿನಾಲ್ಕು ಕಾರಣಗಳು. ಪಕ್ಕದ ಮನೆಯ ಪುಟ್ಟತಾಯಮ್ಮ ನಾಗದೋಷ ಎಂದರು. ಅವರನ್ನು ನಾನು ಕ್ಷಮಿಸುತ್ತೇನೆ. ಹಾಗೆಂದು ಹೇಳಿ ಒಂದು ಬಟ್ಟಲು ಮಜ್ಜಿಗೆಯನ್ನೂ ಕೊಟ್ಟು ಹೋದರು. ನಮ್ಮವರು ಬರಿಗೈಯಲ್ಲಿ ಬಂದು ಬರೀ ಕಾರಣ ಕೊಟ್ಟು ಹೋದರು. ದೇವರು ಪ್ರೀತಿಸುವವರನ್ನೇ ಪರೀಕ್ಷಿಸುತ್ತಾನೆ ಎಂದರು ಒಬ್ಬರು. ಹಾಗೆ ಹೇಳುವಾಗ ತಾವು ಅಷ್ಟೊಂದು ಪ್ರೀತಿಗೆ ಪಾತ್ರರಲ್ಲದ್ದಕ್ಕೆ ಅವರ ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು. ಕುಟುಂಬದ ಶಾಪ ಎಂದರು ಇನ್ನೊಬ್ಬರು. ಹೊಗೆಸೊಪ್ಪು ಬೆಳೆಯುವ ಪಾಪದ ಫಲ ಎಂದವರೂ ಉಂಟು. ಈ ಕೊನೆಯ ಕಾರಣ ಹೇಳಿದವರ ಮನೆಯಲ್ಲೂ ಎರಡು ಬ್ಯಾರನ್ನು ಇದ್ದವು. ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬದ ದಿನ ಪ್ರತಿ ಮನೆಯವರೂ ಹೊಲದ ಪ್ರಥಮ ಫಲವನ್ನು ದೇವರ ಮುಂದೆ ಇಡಬೇಕು. ಹೊಗೆಸೊಪ್ಪನ್ನು ಅಲ್ಲಿ ಇಡುವ ಹಾಗಿಲ್ಲ. ಅದಕ್ಕೆ ಎಲ್ಲರೂ ಹಿಂದಿನ ದಿನ ಹುಣಸೂರು ಸಂತೆಯಲ್ಲಿ ಕುಂಬಳಕಾಯಿ ಕೊಂಡು ತಂದು, ನಮ್ಮ ಹೊಲದ್ದು ಎಂದು ಇಡುತ್ತಾರೆ. ಆ ಕುಂಬಳಕಾಯಿಗಳು ಆಶೀರ್ವಾದ ಪಡೆದು ಅಲ್ಲೇ ಹರಾಜಾಗುತ್ತವೆ. ಇಂಥ ಜನ ದೊಡ್ಡಮ್ಮನ ಪಾಪವನ್ನು ಹುಡುಕಲು ಹೊರಟಿದ್ದರು.

ದೊಡ್ಡಮ್ಮ ಮಾತ್ರ ಕಾರಣ ಕೇಳಿದವರಲ್ಲ. ಒಮ್ಮೆ ನಾನೇ ರೇಗಿ, ಯಾಕೆ ಹೀಗಾಯಿತೆಂದು ನಿಮ್ಮ ದೇವರನ್ನು ಒಂದು ಸಲವಾದರೂ ಕೇಳಿ ಎಂದೆ.

"ಕೇಳುದ್ರೆ ಉರಿ ಕಮ್ಮಿ ಆಯ್ತದಾ?" ಎಂದರು. "ಅವನಿಗೆ ಗೊತ್ತದೆ, ಸಾಕು ಬುಡು. ಆ ಕಡ್ಡಿ ಇತ್ತ ಕೊಡು."

ಹೊರಗಿನವರ ಕಾರಣಗಳಿಗಿಂತಲೂ ನನಗೆ ಈ ಮಾತು ಹೆಚ್ಚು ಸಿಟ್ಟು ತರಿಸುತ್ತಿತ್ತು. ಅದನ್ನು ನಂಬಿಕೆ ಎಂದು ನಾನು ಕರೆಯುತ್ತಿರಲಿಲ್ಲ. ಸೋಮಾರಿತನ ಎನ್ನುತ್ತಿದ್ದೆ. ಅಷ್ಟು ಶಾಂತವಾಗಿ ಸೊಪ್ಪು ಕಟ್ಟುವವರಿಗೆ ನಿಜಕ್ಕೂ ಅಷ್ಟೊಂದು ಉರಿ ಇರಲಾರದು ಎಂದೂ ಒಳಗೊಳಗೇ ಅನ್ನಿಸುತ್ತಿತ್ತು.

ಎರಡನೆಯ ವರ್ಷದ ಸೊಪ್ಪಿನ ಕಾಲದಲ್ಲಿ ಮಾರ್ಥಕ್ಕ ಒಬ್ಬ ಬೋಧಕರನ್ನು ಕರೆಸಿದಳು. ಮಾರ್ಥಕ್ಕ ನಮ್ಮ ಸಭೆಯ ಹೆಂಗಸರ ಕೂಟಕ್ಕೆ ಮುಂದಾಳು. ಊರಲ್ಲಿ ಯಾರ ಮನೆಯ ಹಾಲು ಒಡೆದರೂ ಅವಳಿಗೆ ಮೊದಲು ಗೊತ್ತಾಗಬೇಕು. ಬೋಧಕರನ್ನು ಎಲ್ಲರೂ ಬ್ರದರ್ ಎನ್ನುತ್ತಿದ್ದರು. ರೋಗಗಳ ಬೇರು ಕಂಡುಹಿಡಿಯುವುದು ಅವರಿಗೆ ಸಿಕ್ಕ ವರವಂತೆ. ಹತ್ತು ಹದಿನೈದು ಜನ ಕೂರುವ ನಮ್ಮ ನಡುಮನೆಗೆ ಅವರು ಒಂದು ಮೈಕನ್ನೂ, ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರನ್ನೂ ತಂದರು. ದೇವರಿಗೆ ಕಿವಿ ಮಂದ ಎಂದು ನನಗೆ ಗೊತ್ತಾದದ್ದು ಅಂದೇ.

ಅದು ಶುಕ್ರವಾರದ ಉಪವಾಸ ಪ್ರಾರ್ಥನೆ, ಮುಗಿಯುವ ತನಕ ಊಟವಿಲ್ಲ. ಬೆಳಗಿನಿಂದ ಯಾರೂ ಏನೂ ತಿಂದಿರಲಿಲ್ಲ. ಹಾಡುಗಳಾದವು, ಬೈಬಲಿನ ವಾಕ್ಯ ಓದಿದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಬ್ರದರ್ ದೊಡ್ಡಮ್ಮನ ಕಡೆ ತಿರುಗಿದರು. ದೊಡ್ಡಮ್ಮ ಗೋಡೆಗೊರಗಿ ಕುರ್ಚಿಯಲ್ಲಿ ಕೂತಿದ್ದರು. ಕಾಲು ಟಬ್ಬಿನಲ್ಲಿತ್ತು.

"ಸಹೋದರಿಯೇ, ನಿಮ್ಮ ಸ್ವಸ್ಥತೆ ಬಾಗಿಲಿಗೆ ಬಂದು ನಿಂತಿದೆ. ಒಳಗಿನಿಂದ ಅಗುಳಿ ಹಾಕಿಕೊಂಡವರು ನೀವೇ. ಮುಚ್ಚಿಟ್ಟ ಒಂದು ಪಾಪವಿದೆ. ಅದನ್ನು ಸಭೆಯ ಮುಂದೆ ಒಪ್ಪಿಕೊಳ್ಳಿ. ಈ ಕ್ಷಣವೇ ಉರಿ ಹೋಗುತ್ತದೆ."

ದೊಡ್ಡಮ್ಮ ನಿಜವಾಗಿಯೂ ಯೋಚಿಸಿದರು. "ಕೋಪ ಮಾಡ್ಕತೀನಿ ಸ್ವಾಮಿ. ಬಾಯಿ ಜೋರು. ಇನ್ನೇನೂ ನೆಪ್ಪಾಗ್ತಿಲ್ಲ."

ಅದು ಸಾಲದು ಎಂದು ಬ್ರದರ್ ತಲೆಯಾಡಿಸಿದರು. ಆಗ ಸಭೆ ದೊಡ್ಡಮ್ಮನ ಸಹಾಯಕ್ಕೆ ಬಂತು.

"ಏನಾರ ಇದ್ರೆ ಏಳ್ಬುಡಕ್ಕ," ಎಂದಳು ಮಾರ್ಥಕ್ಕ. "ನಾವೇನ್ ಬ್ಯಾರೆಯೋರಾ? ಮಾರಮ್ಮನ ಅಬ್ಬದಲ್ಲಿ ಪುಟ್ಟತಾಯಮ್ಮನ ಮನೇಲಿ ಉಂಡಿರ್ನಿಲ್ವಾ ನೀನು?"

"ಉಂಡಿದ್ದೆ. ಕೋಳಿ ಚೆಂದಾಗಿತ್ತು. ನೀನೂ ಪಕ್ಕದಲ್ಲೇ ಕುಂತಿದ್ದಲ್ಲ ಮಾರ್ಥ."

ಹಿಂದಿನಿಂದ ಇನ್ನೊಬ್ಬಳು, ಸುಗ್ಗಿ ಹಬ್ಬಕ್ಕೆ ರೂತಕ್ಕ ಸಂತೆ ಕುಂಬಳಕಾಯಿ ಇಟ್ಟದ್ದು ದೇವರಿಗೆ ಮೋಸವಲ್ಲವೇ ಎಂದಳು. ಕುಂಬಳಕಾಯಿ ಇಡದವರು ಅಲ್ಲಿ ಯಾರೂ ಇರಲಿಲ್ಲ. ಬ್ರದರಿಗೆ ಸಂಗತಿ ತಿಳಿಯದು. ಅವರು ಇನ್ನೂ ಆಳಕ್ಕೆ ಹೋಗಿರಿ ಎಂದರು. ಕುಂಬಳಕಾಯಿ ಅಲ್ಲಿಗೇ ಬಚಾವಾಯಿತು. ಆಮೇಲೆ ಒಬ್ಬರು ದೊಡ್ಡಮ್ಮನ ಮದುವೆಗೆ ಮುಂಚಿನ ಕಾಲದ ಕಡೆ ಮಾತು ತಿರುಗಿಸಿದರು. ಅಲ್ಲಿ ಏನೂ ಇಲ್ಲ ಎಂಬುದು ಅವರಿಗೂ ಗೊತ್ತು. ಆದರೆ ಹಸಿದ ಜನ, ಏನಾದರೂ ಸಿಗಬೇಕಿತ್ತು.

ನಾನು ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ. ದೊಡ್ಡಮ್ಮ ಬಾಗಿ ನನ್ನ ಕಿವಿಯಲ್ಲಿ ಕೇಳಿದರು:

"ಮಗ, ಏನಾರ ಒಂದು ಏಳ್ಬುಡ್ಲಾ? ಜನ ಅಸ್ಕೊಂಡವ್ರೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಒಂದು ಮೂಲೆಯಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜ ಕೂತಿದ್ದರು; ದೊಡ್ಡಮ್ಮ ಆಗಿನಿಂದ ಅವರನ್ನೇ ನೋಡುತ್ತಿದ್ದರು. ಅಜ್ಜನಿಗೆ ಊಟ ಸಿಗಲೆಂದು ಇವರು ಮಾಡದ ಪಾಪವೊಂದನ್ನು ತಮ್ಮ ತಲೆಗೆ ಹೊತ್ತುಕೊಳ್ಳಲು ತಯಾರಾಗಿದ್ದರು. ಒಮ್ಮೆ ಬಾಯಿಂದ ಬಂದರೆ ಸಾಯುವ ತನಕ ಊರಲ್ಲಿ ಅದೇ ಅವರ ಹೆಸರಾಗುತ್ತಿತ್ತು. "ಬೇಡ ದೊಡ್ಡಮ್ಮ, ನನ್ನಾಣೆ, ಏನೂ ಹೇಳಬೇಡಿ," ಎಂದೆ. ಅವರು ನನ್ನನ್ನೊಮ್ಮೆ, ಅಜ್ಜನನ್ನೊಮ್ಮೆ ನೋಡಿದರು.

ನಾನು ಆ ಸುತ್ತಿನಲ್ಲಿ ಕೂರಲಾರದೆ ಎದ್ದು ಎದುರುಗೋಡೆಗೆ ಹೋಗಿ, ಅಕ್ಕಿ ಡ್ರಮ್ಮಿನ ಪಕ್ಕ ಕೂತೆ. ಬ್ರದರ್, ಎಲ್ಲರೂ ಕಣ್ಣುಮುಚ್ಚಿ ಒಕ್ಕೊರಲಿನಿಂದ ಪ್ರಾರ್ಥಿಸಿರಿ, ಸಹೋದರಿ ಒಪ್ಪಿಕೊಳ್ಳುವ ತನಕ ಯಾರೂ ಕಣ್ಣು ತೆರೆಯಬೇಡಿರಿ ಎಂದು ಆಜ್ಞೆ ಮಾಡಿದರು. ಎಲ್ಲರೂ ಕಣ್ಣುಮುಚ್ಚಿ ಕೈಯೆತ್ತಿ ಒಟ್ಟಿಗೆ ಕೂಗತೊಡಗಿದರು. ಸ್ಪೀಕರಿನ ಅಬ್ಬರಕ್ಕೆ ಡ್ರಮ್ಮಿನ ಮುಚ್ಚಳ ನಡುಗುತ್ತಿತ್ತು. ನಾನು ಕಣ್ಣು ಮುಚ್ಚಲಿಲ್ಲ. ಭಕ್ತಿಯಿಂದಲ್ಲ, ತಿರಸ್ಕಾರದಿಂದ ನೋಡುತ್ತಿದ್ದೆ. ಆ ತಿರಸ್ಕಾರಕ್ಕೆ ನಾನು ಇಂದಿಗೂ ಋಣಿ. ಅದಿಲ್ಲದಿದ್ದರೆ ಇದನ್ನು ಕಾಣುತ್ತಿರಲಿಲ್ಲ.

ಆಗ ನನ್ನ ಅಂಗಾಲು ಉರಿಯಿತು.

ಅದಕ್ಕೆ ಹೋಲಿಕೆ ಹುಡುಕುವುದನ್ನು ಬಿಟ್ಟುಬಿಟ್ಟಿದ್ದೇನೆ. ಬ್ಯಾರನ್ನಿನ ಒಲೆಬಾಯಿಗೆ ಸೌದೆ ತಳ್ಳಿದವಳು ನಾನು. ಬೆಂಕಿಯ ಶಾಖ ನನಗೆ ಗೊತ್ತು. ಶಾಖ ಹೊರಗಿನಿಂದ ಒಳಗೆ ಬರುತ್ತದೆ, ಕಾಲು ಹಿಂದಕ್ಕೆ ತೆಗೆದುಕೊಳ್ಳಬಹುದು. ಇದನ್ನು ಎಲ್ಲಿಂದ ತೆಗೆಯುವುದು? ಮೂಳೆಯೇ ಸೌದೆಯಾಗಿದೆ ಅನ್ನಿಸಿತು. ಎರಡು ವರ್ಷ ಇದನ್ನಿಟ್ಟುಕೊಂಡು ಒಬ್ಬ ಹೆಂಗಸು ನನಗೆ ಮುದ್ದೆ ಕಟ್ಟಿ ಹಾಕಿದ್ದಾಳೆ ಎಂಬ ಯೋಚನೆ ಮಾತ್ರ ಸ್ಪಷ್ಟವಾಗಿ ಬಂತು.

ಎದುರಿಗೆ ದೊಡ್ಡಮ್ಮ ಟಬ್ಬಿನಿಂದ ಒಂದು ಕಾಲು ಎತ್ತಿದರು. ಆಮೇಲೆ ಇನ್ನೊಂದು. ಎರಡನ್ನೂ ಗಾರೆ ನೆಲದ ಮೇಲೆ ಇಟ್ಟರು, ಅಂಚನ್ನಲ್ಲ, ಪೂರ್ತಿ ಅಂಗಾಲನ್ನು. ಅದನ್ನೇ ನೋಡುತ್ತ ಕೂತರು. ಅವರ ಮುಖದಲ್ಲಿ ಸಂತೋಷ ಬಂದೀತೆಂದು ನೀವು ಎಣಿಸಬಹುದು. ಬಂದದ್ದು ಗಾಬರಿ. ತಟ್ಟನೆ ತಲೆಯೆತ್ತಿ ಮನೆಯೊಳಗಿನ ಮುಖಗಳನ್ನು ನೋಡತೊಡಗಿದರು. ಸಂಜೆ ಗೂಡಿಗೆ ಒಂದು ಕೋಳಿ ಬರದೆ ಹೋದರೆ ಹುಡುಕುವ ಹಾಗೆ, ಒಂದೊಂದೇ ಮುಖ. ಆಮೇಲೆ ಎದ್ದು ನಡೆದರು. ನೆಟ್ಟಗೆ, ಒದ್ದೆ ಹೆಜ್ಜೆಯ ಗುರುತು ಬಿಡುತ್ತ. ಮಾರ್ಥಕ್ಕನ ಮುಂದೆ ಬಗ್ಗಿ ಮುಖ ನೋಡಿದರು, ಅಲ್ಲಿಲ್ಲವೆಂದು ಮುಂದೆ ಹೋದರು. ಅಜ್ಜನ ಹತ್ತಿರ ನಿಂತರು, ಅಲ್ಲೂ ಇಲ್ಲ. ಕಣ್ಣುಮುಚ್ಚಿ ಪವಾಡಕ್ಕಾಗಿ ಕೂಗುತ್ತಿದ್ದವರ ನಡುವೆ ಅವರು ನಡೆದು ಬರುತ್ತಿದ್ದರು. ಒಬ್ಬರೂ ಕಣ್ಣು ತೆರೆಯಲಿಲ್ಲ.

ನನ್ನ ಮುಂದೆ ಬಂದು ಕೂತರು. ನನ್ನ ಕಾಲು ನೋಡಿದರು.

"ಓ, ನಿನ್ ತಾವ ಬಂದದಾ!" ಎಂದರು.

ನನ್ನ ಎರಡೂ ಪಾದಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಮೇಲೆ ನೋಡಿದರು. ಸ್ವರ್ಗವನ್ನೇನೂ ಅಲ್ಲ, ಹೆಂಚನ್ನು. ಪ್ರಾರ್ಥನೆಯ ಧಾಟಿಯೇ ಅಲ್ಲ ಅದು. ತಪ್ಪು ಮನೆಗೆ ಸಾಮಾನು ಇಳಿಸಿದವರಿಗೆ ಹೇಳುವ ಹಾಗೆ ಹೇಳಿದರು:

"ಅಪ್ಪಾ, ಇದು ಬ್ಯಾಡ. ಇದು ಕೂಸು. ನಂಗೇ ಕೊಡು. ನಾ ಒಪ್ಕೊಂಡೆ."

ಸ್ಪೀಕರಿನ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ ಎಂದುಕೊಂಡರೇನೋ, ಇನ್ನೊಮ್ಮೆ ಗಟ್ಟಿಯಾಗಿ ಕೂಗಿದರು: "ಒಪ್ಕೊಂಡೆ ಕಣಪ್ಪಾ, ಒಪ್ಕೊಂಡೆ!"

ನನ್ನ ಉರಿ ಹೋಯಿತು. ಇಳಿಯಲಿಲ್ಲ, ತಣಿಯಲಿಲ್ಲ, ಇಲ್ಲವಾಯಿತು. ಅದೇ ಗಳಿಗೆಯಲ್ಲಿ ದೊಡ್ಡಮ್ಮ ಹಲ್ಲು ಕಚ್ಚಿ ತಮ್ಮ ಪಾದ ಹಿಡಿದುಕೊಂಡು ಪಕ್ಕಕ್ಕೆ ವಾಲಿದರು.

"ಹಲ್ಲೆಲೂಯ!" ಎಂದಿತು ಸ್ಪೀಕರು. "ಸಹೋದರಿ ಒಪ್ಪಿಕೊಂಡರು!"

ಎಲ್ಲರೂ ಕಣ್ಣು ತೆರೆದರು. ಅವರಿಗೆ ಕಂಡದ್ದು, ಕುರ್ಚಿಯಲ್ಲಿದ್ದ ಹೆಂಗಸು ಮನೆಯ ಆ ಕೊನೆಯಲ್ಲಿ ನೆಲಕ್ಕೆ ಬಿದ್ದು ಅಳುತ್ತಿರುವುದು. ಚಪ್ಪಾಳೆ ತಟ್ಟಿದರು. ಕನ್ನಡದಲ್ಲಿ ಆ ಎರಡಕ್ಕೂ ಒಂದೇ ಮಾತಿರುವುದು ಯಾರ ತಪ್ಪು? ತಪ್ಪು ಮಾಡಿದವನೂ ಒಪ್ಪಿಕೊಳ್ಳುತ್ತಾನೆ, ಹೊರೆ ಹೊರುವವನೂ ಒಪ್ಪಿಕೊಳ್ಳುತ್ತಾನೆ. ಅವರು ಕಾದಿದ್ದು ಒಂದಕ್ಕೆ, ಕೇಳಿಸಿಕೊಂಡದ್ದೂ ಅದನ್ನೇ. ನಾನು ಎದ್ದು, ಅವರು ಪಾಪ ಒಪ್ಪಿಕೊಂಡದ್ದಲ್ಲ, ಉರಿಯನ್ನು ಒಪ್ಪಿಕೊಂಡದ್ದು ಎಂದು ಕಿರುಚಿದೆ. ಮಾರ್ಥಕ್ಕ ನನ್ನ ತಲೆ ಸವರಿ, "ನೀ ಸುಮ್ಕಿರವ್ವ, ಮಕ್ಕಳಿಗೆ ಇವೆಲ್ಲ ತಿಳಿಯಾಕಿಲ್ಲ," ಎಂದಳು. ಆಮೇಲೆ ಎಲ್ಲರೂ ಅನ್ನ ಸಾರು ಉಂಡರು. ಏನನ್ನು ಒಪ್ಪಿಕೊಂಡಳು ಎಂದು ಯಾರೂ ದೊಡ್ಡಮ್ಮನನ್ನು ಕೇಳಲಿಲ್ಲ. ಒಬ್ಬರನ್ನೊಬ್ಬರು ಕೇಳಿಕೊಂಡರು. ಭಾನುವಾರದ ಆರಾಧನೆಯ ಹೊತ್ತಿಗೆ ದೊಡ್ಡಮ್ಮನಿಗೆ ಮೂರು ಬೇರೆ ಬೇರೆ ಪಾಪಗಳು ತಯಾರಾಗಿದ್ದವು. ಒಂದರಲ್ಲಿ ಸತ್ತುಹೋದ ಒಬ್ಬ ಒಳ್ಳೆಯ ಮನುಷ್ಯನ ಹೆಸರನ್ನೂ ಸೇರಿಸಿದ್ದರು.

ಬ್ರದರ್ ಇದನ್ನು ಸಾಕ್ಷಿಯಾಗಿ ಹೇಳುತ್ತ ತಿರುಗುತ್ತಿದ್ದಾರೆ. ಅಂತರಸಂತೆಯಲ್ಲಿರುವ ನಮ್ಮ ನೆಂಟರು ಒಂದು ಕೂಟದಲ್ಲಿ ಕೇಳಿ ಬಂದು ನಮಗೇ ಹೇಳಿದರು: ಹುಣಸೂರು ಕಡೆ ಒಬ್ಬ ಸಹೋದರಿ ಗುಪ್ತಪಾಪ ಒಪ್ಪಿಕೊಂಡ ಕೂಡಲೆ ಎದ್ದು ನಡೆದಳಂತೆ. ನಡೆದದ್ದು ನಿಜ. ಮೊದಲು ನಡೆದಳು, ಆಮೇಲೆ ಒಪ್ಪಿಕೊಂಡಳು, ಒಪ್ಪಿಕೊಂಡ ಕೂಡಲೆ ಬಿದ್ದಳು. ಸಾಕ್ಷಿ ಹೇಳುವವರಿಗೆ ಇಂಥ ಹಿಂದುಮುಂದುಗಳು ಲೆಕ್ಕವಲ್ಲ.

ನನಗೂ ವಿವರಣೆ ಕೊಟ್ಟವರಿದ್ದಾರೆ. ಓದಿದ ಒಬ್ಬರು, ನೋವನ್ನು ದಿನವೂ ನೋಡುವವರಿಗೆ ತಮ್ಮ ಮೈಯಲ್ಲೂ ಅದೇ ನೋವು ಕಂಡ ಹಾಗಾಗುವುದುಂಟು, ಉಪವಾಸ ಬೇರೆ, ಗದ್ದಲ ಬೇರೆ ಎಂದರು. ನನ್ನ ಕಾಲಿಗೆ ಅದು ಸರಿಹೋಗಬಹುದು. ಹಾಗಾದರೆ ದೊಡ್ಡಮ್ಮನ ಕಾಲು? ಅವರು ಎದ್ದು ನಡೆದದ್ದನ್ನು ನಾನು ಉಪವಾಸದ ಕಣ್ಣಿನಿಂದ ಕಂಡೆ ಎಂದೇ ಇಟ್ಟುಕೊಳ್ಳೋಣ. ಆದರೆ ದೊಡ್ಡಪ್ಪ ಕಂಠಮಟ್ಟ ತಿಂಡಿ ತಿಂದಿದ್ದರು. ಬೀಡಿಕಟ್ಟು ತೆಗೆದುಕೊಳ್ಳಲು ಬಂದ ಅವರು ಬಾಗಿಲಲ್ಲಿ ನಿಂತಿದ್ದರಂತೆ. ಸಂಜೆ ಒಲೆಯ ಮುಂದೆ ಕೂತಿದ್ದಾಗ, ನಾನು ಏನೂ ಕೇಳದಿದ್ದರೂ ಅವರೇ ಹೇಳಿದರು:

"ನೆಟ್ಟಗೆ ನಡುದ್ಲು ಕಣವ್ವ. ಮದ್ವೇಲಿ ನಡ್ದಂಗೆ."

ಅಷ್ಟು ಹೇಳಿ ಟೆಂಪ್ರೇಚರ್ ನೋಡಲು ಎದ್ದರು. ಆ ಮಾತನ್ನು ಅವರು ಮತ್ತೆ ಎತ್ತಿಲ್ಲ.

ದೊಡ್ಡಮ್ಮನನ್ನು ನಾನು ಬಿಡಲಿಲ್ಲ. ಕೆಲವು ದಿನಗಳ ಮೇಲೆ ನೇರವಾಗಿ ಕೇಳಿದೆ. ನನ್ನಿಂದ ತೆಗೆ ಎಂದು ಕೇಳಿದಿರಿ, ಸರಿ. ವಾಪಸ್ಸು ನಿಮಗೇ ಕೊಡು ಎಂದು ಯಾಕೆ ಕೇಳಿದಿರಿ? ಇಬ್ಬರಿಗೂ ಬೇಡ ಎನ್ನಬಹುದಿತ್ತಲ್ಲ?

ಕಡ್ಡಿಗೆ ಎಲೆ ಕಟ್ಟುತ್ತಿದ್ದ ಅವರ ಕೈ ನಿಂತಿತು. "ಅದು ತೋಚ್ಲೇ ಇಲ್ಲ ಕಣ ನಂಗೆ," ಎಂದು ನಕ್ಕರು. "ನಿಂಗೆ ಅಭ್ಯಾಸ ಇಲ್ವಲ್ಲ, ಅದೊಂದೇ ತಲೇಲಿದ್ದುದ್ದು."

"ನಿಮಗೆ ತೋಚಲಿಲ್ಲ. ಆತನಿಗೂ ತೋಚಲಿಲ್ಲವಾ?"

ಇಷ್ಟು ಒರಟಾಗಿ ನಾನು ಅವರೊಡನೆ ಎಂದೂ ಮಾತಾಡಿರಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಅದ್ನ ಅವನ್ನೇ ಕೇಳ್ಬೇಕು. ಅವನ್ ತಾವ ಓದಾಗ ಕೇಳ್ತೀನಿ ಬುಡು," ಎಂದರು. ಊರಿಗೆ ಹೋದಾಗ ತಮ್ಮನನ್ನು ಒಂದು ಮಾತು ಕೇಳುತ್ತೇನೆ ಎನ್ನುವಷ್ಟೇ ಸಲೀಸಾಗಿ.

ಅದಾಗಿ ಆರು ವರ್ಷಗಳಾದವು. ಆ ಹದಿನಾಲ್ಕು ಕಾರಣಗಳ ಮೇಲೂ, ಅವನ್ನು ತಂದವರ ಮೇಲೂ ನನ್ನ ತಿರಸ್ಕಾರ ಒಂದಿಷ್ಟೂ ಕಡಿಮೆಯಾಗಿಲ್ಲ. ಕೇಳಿದ್ದನ್ನು ಕೊಡುವ ದೇವರೇ ಆಗಿದ್ದರೆ ಕೊಟ್ಟದ್ದು ಅದನ್ನೇ ಏಕೆ ಎಂಬ ನನ್ನ ಜಗಳವೂ ಮುಗಿದಿಲ್ಲ. ಅಂದು ಆ ಮನೆಯಲ್ಲಿ ಯಾರೂ ಇರಲಿಲ್ಲ ಎಂದು ಹೇಳಲೂ ನನಗೆ ಬಾಯಿ ಬರುವುದಿಲ್ಲ. ಆಕೆ ಹೆಂಚಿಗೆ ಹೇಳಿದ ಮಾತು ಯಾರಿಗೋ ಕೇಳಿಸಿತು. ಯಾರಿಗೆ ಎಂದು ನನಗೆ ಗೊತ್ತಿಲ್ಲ.

ದೊಡ್ಡಮ್ಮನ ಉರಿ ಹಾಗೇ ಇದೆ. ಮೊನ್ನೆ ಹೋಗಿದ್ದೆ. ಬೇರೆ ಮನೆಗಳಲ್ಲಿ ಹೋದ ಕೂಡಲೆ ಊಟ ಆಯಿತಾ ಎಂದು ಕೇಳುತ್ತಾರೆ. ದೊಡ್ಡಮ್ಮ ಆ ಶುಕ್ರವಾರದಿಂದ ನನ್ನನ್ನು ಕಂಡಾಗಲೆಲ್ಲ ಮೊದಲು ಕೇಳುವುದು ಒಂದೇ:

"ಕಾಲು ಎಂಗದೆ ಮಗ?"

"ಚೆನ್ನಾಗಿದೆ," ಎಂದೆ.

"ದೇವ್ರಿಗೆ ಸ್ತೋತ್ರ," ಎಂದು ಹೇಳಿ, ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿಕೊಂಡು, ತಮ್ಮ ಕಾಲುಗಳನ್ನು ನೀರಿಗೆ ಇಳಿಸಿದರು.